ಹೊಸ ವ್ಯಾನು ನೋಡಲು ಹೋದದ್ದು

ಅಕ್ಕಾ,

ಈಗ ಸಂಜೆ ಐದು. ನಮ್ಮ ಹಳೆಯ ಮನೆ-ವ್ಯಾನು ಕೊಟ್ಟು ಹೊಸದು ಕೊಳ್ಳೋಣವೆಂದು ದಿನವಿಡೀ ಎರಡನ್ನು ಅಳೆದು ತೂಗಿದೆ. ಒಂದರ ಶೌಚಾಲಯದಲ್ಲಿ ನನ್ನ ಹೊಟ್ಟೆಗೇ ಜಾಗ ಸಾಲಲಿಲ್ಲ. ಇನ್ನೊಂದರಲ್ಲಿ ಕರೆಂಟಿಲ್ಲದ ಕಡೆಯೂ ನಾಲ್ಕು ದಿನ ಫ್ರಿಜ್ ಓಡುತ್ತದಂತೆ. ಅದನ್ನು ರಿವರ್ಸ್ ತೆಗೆದು ನೋಡಿದೆ. ನನ್ನವಳು ತೀರಿಕೊಂಡು ಎಂಟು ತಿಂಗಳಾದರೂ, ಕಿಟಕಿಯಿಂದ ತಲೆ ಹೊರಹಾಕಿ ಅವಳ "ಬರ್ಲಿ, ಬರ್ಲಿ"ಗೆ ಕಾಯುತ್ತಾ ಟೈರುಗಳ ರಾಶಿಗೆ ಗುದ್ದಿದೆ.

"ಯಜಮಾನ್ರೇ, ಕ್ಯಾಮೆರಾ ಕಣ್ಮುಂದೇನೇ ಇದೆ, ಹೊರಗ್ಯಾರನ್ನ ಹುಡುಕ್ತಿದೀರಿ?" ಎಂದ ಮಾರುವವನು.

"ನನ್ನ ಹೆಂಡ್ತೀನ" ಎಂದುಬಿಟ್ಟೆ. ಪಾಪ, ಅವನು ಗಾಬರಿಯಿಂದ ಬಗ್ಗಿ ಚಕ್ರದ ಕೆಳಗೆ ನೋಡಿದ.

ಹಳೆಯದನ್ನು ಕೊಡಲು ಮನಸ್ಸಾಗಲಿಲ್ಲ. ನೀನು ಕೇಳಿದ್ದ ನನ್ನ ಮಂಡಿನೋವು ಕಡಿಮೆಯಾಗಿದೆ. ನಾಳೆ ಒಂಬತ್ತಕ್ಕೆ ಮೆಕ್ಯಾನಿಕ್ ಹಳೆಯ ವ್ಯಾನಿಗೇ ಹೊಸ ಬ್ಯಾಟರಿ, ಸೋಲಾರ್ ಕೂರಿಸುತ್ತಾನೆ.

ನಿನ್ನ ತಮ್ಮ