ವಿಯೆಟ್ನಾಮಿನಲ್ಲಿ ನಿನ್ನ ದೊಡ್ಡಮ್ಮ

ಹೊಳೆನರಸೀಪುರ
೭ ಡಿಸೆಂಬರ್ ೨೦೨೫, ಭಾನುವಾರ

ಚಿ. ಮಾನಸಾಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಓದು, ನಿದ್ದೆ, ಹಾಸ್ಟೆಲಿನ ಊಟ ಎಲ್ಲಾ ಒಂದು ಹದಕ್ಕೆ ಬಂದಿರಬಹುದು ಅಂದುಕೊಂಡಿದ್ದೇನೆ. ದಸರಾ ರಜೆ ಮುಗಿಸಿ ಹಾಸನಕ್ಕೆ ವಾಪಸಾದ ಮೇಲೆ ನೀನು ಬರೆದ ಕಾಗದಕ್ಕೆ ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ. ತಪ್ಪು ನನ್ನದೇ. 'ವಿಯೆಟ್ನಾಂಗೆ ಹೋಗ್ತಿದ್ದೀರಂತೆ, ನಿಜವಾ' ಅಂತ ಕೇಳಿದ್ದೆ. ಹೊರಡುವ ತನಕ ನನಗೇ ಅದು ನಿಜ ಅನ್ನಿಸಿರಲಿಲ್ಲ. ಈಗ ಹೋಗಿ ಬಂದು ಹದಿನೈದು ದಿನವಾಯಿತು. ನಿಮ್ಮಲ್ಲಿ ಮೊಬೈಲ್ ಬಿಡುವುದಿಲ್ಲವಾದ್ದರಿಂದ ಫೋಟೊ ಕಳಿಸುವ ಹಾಗಿಲ್ಲ, ಬರೆದೇ ಹೇಳಬೇಕು. ಮೂವತ್ತೆರಡು ವರ್ಷ ಪಶು ಆಸ್ಪತ್ರೆಯಲ್ಲಿ ಕೇಸ್ ಪುಸ್ತಕ ಬರೆದ ಕೈ ಇದು. ಬರವಣಿಗೆ ಹಾಗೇ ಕಂಡರೆ ಸಹಿಸಿಕೊ.

ಇದು ನಿನ್ನ ದೊಡ್ಡಮ್ಮನ ಯೋಚನೆ. ನಾನು ರಿಟೈರಾದ ವರ್ಷ ನಮ್ಮ ಬೀದಿಯ ಹನ್ನೆರಡು ಜನ ಟೂರ್ ಏಜೆಂಟನ ಜೊತೆ ಕಾಶಿಗೆ ಹೊರಟರು. ನಮ್ಮನ್ನೂ ಕರೆದರು. ಇವಳು, "ಒಬ್ಬ ಬಾವುಟ ಇಡ್ಕಂಡು ಮುಂದೆ ಓಗದು, ನಾವು ಕುರಿ ಮಂದೆ ತರ ಇಂದೆ ಓಗದು, ಅದು ಬ್ಯಾಡ" ಅಂದಳು. ಅದಕ್ಕೂ ಮೊದಲು ಒಂದು ಸಲ ಹಾಸನದ ಹತ್ತಿರದ ಮೊಸಳೆ ಅನ್ನುವ ಊರಿನ ಜೋಡಿ ಗುಡಿ ನೋಡಲು ಹೋಗಿದ್ದಾಗ, ಅಲ್ಲಿ ಇಬ್ಬರು ವಿದೇಶಿ ಗಂಡಹೆಂಡತಿ ಬೆನ್ನಿಗೆ ಒಂದೊಂದು ಚೀಲ ಹಾಕಿಕೊಂಡು ಜಗಲಿಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಇಬ್ಬರಿಗೂ ನಮಗಿಂತ ವಯಸ್ಸಾಗಿತ್ತು. ಅವತ್ತಿನಿಂದ ಅವಳ ತಲೆಯಲ್ಲಿ ಅದು ಕೂತಿದೆ ಅಂತ ನನಗೆ ಗೊತ್ತಾಗಿದ್ದು ಈ ವರ್ಷ. ಹಾಸನದಲ್ಲಿ ಎರಡು ಬೆನ್ನಿನ ಚೀಲ ಕೊಂಡುಕೊಂಡೆವು. ವಿಯೆಟ್ನಾಂ ಯಾಕೆಂದರೆ ಟಿಕೆಟ್ ಅಗ್ಗವಾಗಿ ಸಿಕ್ಕಿತು. ಬೇರೆ ಕಾರಣ ಇಲ್ಲ.

ಹನೋಯಿಯಲ್ಲಿ ನಾವು ಇಳಿದದ್ದು ಒಂದು ಡಾರ್ಮಿಟರಿಯಲ್ಲಿ. ಒಂದು ಕೋಣೆ, ಎಂಟು ಹಾಸಿಗೆ, ಕೆಳಗೆ ನಾಲ್ಕು ಮೇಲೆ ನಾಲ್ಕು. ಮಿಕ್ಕ ಆರು ಜನ ನಿನಗಿಂತ ಐದಾರು ವರ್ಷ ದೊಡ್ಡವರು, ಒಬ್ಬೊಬ್ಬರದು ಒಂದೊಂದು ದೇಶ. ನಮಗೆ ಉಳಿದದ್ದು ಒಂದು ಕೆಳಗಿನದು, ಒಂದು ಮೇಲಿನದು. ನನ್ನ ಮಂಡಿನೋವು ನೋಡಿ ಅವಳೇ ಮೇಲೆ ಹತ್ತಿದಳು. ನೀನು ನಮ್ಮ ಮನೆಯಲ್ಲಿ ಬೆಳೆದ ಒಂಬತ್ತು ವರ್ಷದಲ್ಲಿ ಅವಳು ಒಂದು ಸಲವಾದರೂ ಅಟ್ಟ ಹತ್ತಿದ್ದು ನೋಡಿದ್ದೀಯಾ? ಅಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದಳು. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಕೋಡುಬಳೆ ಹಂಚಿದಳು. ಒಬ್ಬ ಹುಡುಗ ಅದನ್ನು ಬೆರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡ, ಆಮೇಲೆ ತಿಂದ.

ಮೂರನೆಯ ದಿನ ಬೆಳಿಗ್ಗೆ ಸಾಪಾ ಅನ್ನುವ ಬೆಟ್ಟದ ಊರಿಗೆ ಬಸ್ಸು ಹತ್ತಿದೆವು. ಅಲ್ಲಿ ಹಗಲಿನ ಬಸ್ಸಿನಲ್ಲೂ ಮಲಗಿಕೊಂಡೇ ಹೋಗುತ್ತಾರೆ. ಹತ್ತುವಾಗ ಶೂ ಬಿಚ್ಚಿ ಕವರಿನಲ್ಲಿ ಹಾಕಿ ಕೊಡಬೇಕು. ದಾರಿಯಲ್ಲಿ ನಿಲ್ಲಿಸಿದಾಗ ಕೆಳಗಿಳಿಯಲು ಬಸ್ಸಿನವರೇ ರಬ್ಬರ್ ಚಪ್ಪಲಿ ಕೊಡುತ್ತಾರೆ. ನಮ್ಮದು ನೀಲಿ ಚಪ್ಪಲಿ. ಎರಡು ಗಂಟೆಯಾದ ಮೇಲೆ ಒಂದು ದೊಡ್ಡ ಹೋಟೆಲ್ ಮುಂದೆ ನಿಲ್ಲಿಸಿದರು. ಹಿರೀಸಾವೆಯಲ್ಲಿ ಬಸ್ಸುಗಳು ನಿಲ್ಲುತ್ತವಲ್ಲ, ಅದರ ಹತ್ತರಷ್ಟು ಅಂದುಕೊ. ನಾವು ಮುಖ ತೊಳೆದುಕೊಂಡು ಬಂದು ಹತ್ತಿದೆವು, ಬಸ್ಸು ಹೊರಟಿತು, ನಾನು ಕಣ್ಣು ಮುಚ್ಚಿದೆ. ಮುಕ್ಕಾಲು ಗಂಟೆಯಾದ ಮೇಲೆ ಕಂಡಕ್ಟರ್ ಬಂದು ನಮ್ಮ ಮುಖ ನೋಡಲಿಲ್ಲ, ಕಾಲು ನೋಡಿದ. ಆ ಬಸ್ಸಿನ ಚಪ್ಪಲಿ ಕೆಂಪು.

ಅವನೇನೂ ಕೂಗಾಡಲಿಲ್ಲ. ಡ್ರೈವರಿಗೆ ಹೇಳಿದ. ಒಂದು ಸಣ್ಣ ಊರಿನ ಕೈಮರದ ಹತ್ತಿರ ನಮ್ಮನ್ನು ಇಳಿಸಿ, ಕೈಮುಗಿಯುವ ಹಾಗೆ ಏನೋ ಮಾಡಿ, ಹೊರಟುಹೋದ. ನಮ್ಮ ಚೀಲ, ಶೂ, ಬಟ್ಟೆ, ನನ್ನ ಬಿ.ಪಿ. ಮಾತ್ರೆ ಎಲ್ಲಾ ಸಾಪಾ ಬಸ್ಸಿನಲ್ಲಿ. ರಸ್ತೆಯ ಎರಡೂ ಕಡೆ ಕುಯ್ಲಾದ ಗದ್ದೆ. ಬಸ್ಸಿನವನನ್ನು ಬೈದೆ, ಅವಳನ್ನೂ ಬೈದೆ. ಅವಳು ಸೊಂಟದ ಚೀಲ ಮುಟ್ಟಿ ನೋಡಿಕೊಂಡು, "ಓದ್ರೆ ಓಯ್ತು ಬುಡಿ, ಪಾಸ್‌ಪೋರ್ಟು ಫೋನು ನನ್ ತಾವೇ ಅವೆ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮೂರ್ ತರನೇ ಐತಲ್ರೀ" ಅಂದಳು. ನನಗೆ ಹಾಗೇನೂ ಕಾಣಲಿಲ್ಲ.

ಅಲ್ಲೊಬ್ಬ ಅಜ್ಜಿ ರಸ್ತೆಬದಿಯಲ್ಲಿ ಕಡಲೆಕಾಯಿ ಒಣಗಿಸುತ್ತಿದ್ದರು. ಹೆಸರು ಹೋವಾ. ಎಪ್ಪತ್ತು ದಾಟಿರಬೇಕು. ದೊಡ್ಡಮ್ಮನ ಫೋನಿನಲ್ಲಿ ಒಂದು ಆ್ಯಪ್ ಇದೆ. ನಾವು ಕನ್ನಡದಲ್ಲಿ ಹೇಳಿದ್ದನ್ನು ಅದು ಅವರ ಭಾಷೆಯಲ್ಲಿ ಹೇಳುತ್ತದೆ, ಅವರು ಹೇಳಿದ್ದನ್ನು ಆಕಾಶವಾಣಿಯ ವಾರ್ತೆಯ ಹಾಗೆ ಕನ್ನಡದಲ್ಲಿ ಓದುತ್ತದೆ. ಅದರಿಂದ ನಮ್ಮ ಕಥೆ ಅವರಿಗೆ ತಿಳಿಯಿತು. ಬಸ್ಸಿನ ಕಂಪನಿಗೆ ಅವರೇ ಫೋನ್ ಮಾಡಿದರು. ಚೀಲಗಳು ಸಿಕ್ಕಿವೆ, ಆದರೆ ಬರುವುದು ಎರಡು ದಿನದ ಮೇಲೆ ಅಂತ ಗೊತ್ತಾಯಿತು. ಅಜ್ಜಿ ನಮ್ಮ ಚಪ್ಪಲಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಮನೆಗೆ ಕರೆದುಕೊಂಡು ಹೋದರು.

ಅಲ್ಲಿ ಇದ್ದ ಮೂರು ದಿನ ನಮ್ಮ ಇಡೀ ಪ್ರವಾಸ ಅನ್ನಬೇಕು.

ಮನೆ ಸೇರಿದ ತಕ್ಷಣ ನಾನು ಟೀ ಸಿಕ್ಕೀತೇ ಅಂತ 'ಚಾಯ್, ಚಾಯ್' ಅಂದೆ. ಅಜ್ಜಿ ತಲೆಯಾಡಿಸಿ ಒಳಗೆ ಹೋದರು. ಅರ್ಧ ಗಂಟೆಯಾಯಿತು. ಒಂದು ತಟ್ಟೆಯಲ್ಲಿ ಅನ್ನ, ಬೇಯಿಸಿದ ಸೊಪ್ಪು, ಸೋಯಾ ಹಾಲಿನ ಗಿಣ್ಣಿನಂಥದ್ದು ಒಂದು, ಉಪ್ಪು ಬೆರೆಸಿ ಕುಟ್ಟಿದ ಕಡಲೆಬೀಜ ಬಂತು. ಹಸಿವಾಗಿತ್ತು, ತಿಂದೆವು. ತಿಂದಾದ ಮೇಲೆ ಮತ್ತೆ 'ಚಾಯ್' ಅಂದೆ. ಇನ್ನೊಂದು ತಟ್ಟೆ ಬಂತು. ಕೊನೆಗೆ ಫೋನು ಹೇಳಿತು: ಅವರ ಭಾಷೆಯಲ್ಲಿ ಚಾಯ್ ಅಂದರೆ ಮಾಂಸವಿಲ್ಲದ ಊಟ. ಹನೋಯಿಯಲ್ಲಿ ಎರಡು ದಿನ ಬಾಳೆಹಣ್ಣು, ಬ್ರೆಡ್ಡು ತಿಂದುಕೊಂಡಿದ್ದ ನಮಗೆ ಇದು ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಆಮೇಲೆ ಎಲ್ಲಿ ಹೋದರೂ ಆ ಒಂದು ಮಾತಿನಿಂದ ಬದುಕಿದೆವು.

ದೊಡ್ಡಮ್ಮನಿಗೆ ಬದಲಾಯಿಸಲು ಸೀರೆ ಇರಲಿಲ್ಲ. ಅಜ್ಜಿ ತಮ್ಮದೇ ಒಂದು ಕಂದು ಬಣ್ಣದ ಅಂಗಿ, ಪ್ಯಾಂಟು ಕೊಟ್ಟರು. ಐವತ್ತೇಳು ವರ್ಷದಲ್ಲಿ ಪ್ಯಾಂಟು ಹಾಕದವಳು ಹಾಕಿಕೊಂಡಳು. ವಿಭೂತಿ ಗಟ್ಟಿಯೂ ಚೀಲದ ಜೊತೆ ಹೋಗಿತ್ತು. ಆ ಮನೆಯಲ್ಲಿ ಹಿರಿಯರ ಪಟಗಳ ಮುಂದೆ ಊದುಕಡ್ಡಿ ಹಚ್ಚಿಡುವ ಒಂದು ಪಿಂಗಾಣಿ ಬಟ್ಟಲಿತ್ತು. ಅಜ್ಜಿಯನ್ನು ಕೇಳಿ ಅದರ ಬೂದಿಯನ್ನೇ ಹಣೆಗೆ ಹಚ್ಚಿಕೊಂಡು ಲಿಂಗಪೂಜೆಗೆ ಕೂತಳು. "ಬೂದಿ ಯಾವ್ದಾದ್ರೇನು" ಅಂದಳು. ಅಜ್ಜಿ ಬಾಗಿಲಲ್ಲಿ ನಿಂತು ಪೂಜೆ ಮುಗಿಯುವ ತನಕ ನೋಡಿದರು. ಮಾರನೆ ದಿನ ಬೆಳಿಗ್ಗೆ ಅವರೂ ಪಕ್ಕದಲ್ಲಿ ಬಂದು ಸುಮ್ಮನೆ ಕೂತರು.

ಎರಡನೆಯ ದಿನ ಮಧ್ಯಾಹ್ನ ಅಜ್ಜಿಯ ಎಮ್ಮೆ ಹಸಿ ಕಡಲೆಬಳ್ಳಿ ಮೇದು ಹೊಟ್ಟೆ ಉಬ್ಬರಿಸಿಕೊಂಡಿತು. ಎಡಗಡೆ ಪಕ್ಕೆ ಬೆನ್ನಿಗಿಂತ ಎತ್ತರಕ್ಕೆ ಬಂದಿತ್ತು. ಬೆರಳಲ್ಲಿ ಬಡಿದರೆ ತಮಟೆಯ ಸದ್ದು. ಎಮ್ಮೆ ನಾಲಿಗೆ ಹೊರಗೆ ಹಾಕಿ ತೇಕುತ್ತಿತ್ತು. ಅಜ್ಜಿಗೆ ಇರುವುದು ಅದೊಂದೇ ಎಮ್ಮೆ. ನಾನು ಪಶು ಆಸ್ಪತ್ರೆಯವನು ಅಂತ ಹೇಳುವಷ್ಟು ಹೊತ್ತಿರಲಿಲ್ಲ. ಅಡುಗೆ ಎಣ್ಣೆ ತರಿಸಿದೆ. ಕುಡಿಸಲು ಬಿದಿರಿನ ಗೊಟ್ಟ ಬೇಕಿತ್ತು. ಅದನ್ನು ಫೋನಿಗೆ ಹೇಗೆ ಹೇಳುವುದು ಅಂತ ತಡಕಾಡುತ್ತಿರುವಾಗ ಅಜ್ಜಿ ಕೊಟ್ಟಿಗೆಯ ಸೂರಿನಿಂದ ಒಂದು ಬಿದಿರಿನ ಕೊಳವೆ ಎಳೆದುಕೊಟ್ಟರು. ತುದಿ ಓರೆಯಾಗಿ ಕತ್ತರಿಸಿ, ಬಾಯಿಗೆ ಚುಚ್ಚದ ಹಾಗೆ ನಯ ಮಾಡಿತ್ತು. ನಮ್ಮ ಕಡೆಯ ಗೊಟ್ಟಕ್ಕೂ ಅದಕ್ಕೂ ಕೂದಲಿನಷ್ಟು ವ್ಯತ್ಯಾಸ ಇರಲಿಲ್ಲ. ಅಜ್ಜಿ ಮೂಗುದಾರ ಹಿಡಿದರು, ದೊಡ್ಡಮ್ಮ ಕೊಂಬು ಹಿಡಿದಳು, ನಾನು ನಿಧಾನವಾಗಿ ಎಣ್ಣೆ ಕುಡಿಸಿದೆ. ಪಕ್ಕೆ ತಿಕ್ಕಿದೆವು, ಮೂವರೂ ಸೇರಿ ಅಂಗಳದಲ್ಲಿ ನಡೆಸಿದೆವು. ಮುಕ್ಕಾಲು ಗಂಟೆಗೆ ಎಮ್ಮೆ ಉದ್ದಕ್ಕೆ ತೇಗಿತು. ಅಜ್ಜಿ ನನ್ನ ಎಣ್ಣೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಗ ಯಾರೂ ಫೋನ್ ಮುಟ್ಟಲಿಲ್ಲ.

ಚೀಲಗಳು ಬಂದವು. ಸಾಪಾಗೂ ಹೋದೆವು. ಅಲ್ಲಿ ಎರಡು ದಿನವೂ ಮಂಜು. ಪಕ್ಕದಲ್ಲಿದ್ದವರನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ದೊಡ್ಡಮ್ಮ, "ಇದ್ನೇ ನೋಡಕ್ಕಾ ಇಷ್ಟು ದೂರ ಬಂದಿದ್ದು" ಅಂತ ನಕ್ಕಳು. ವಾಪಸು ಬರುವಾಗ ಬೇರೇನೂ ತೊಂದರೆಯಾಗಲಿಲ್ಲ.

ನಿನಗೆ ಪರೀಕ್ಷೆ ಹತ್ತಿರ ಬರುತ್ತಿದೆ. ಮೊದಲು ಪ್ರಶ್ನೆಯನ್ನು ಪೂರ್ತಿ ಓದು, ಆಮೇಲೆ ಪೆನ್ ಮುಟ್ಟು. ನಿನ್ನಪ್ಪ ರಜನೀಶ ಹೋದ ವಾರ ಅಂಗಡಿ ಕೆಲಸದ ಮೇಲೆ ಬಂದಿದ್ದ. ಚನ್ನರಾಯಪಟ್ಟಣದಲ್ಲಿ ನಿನ್ನಮ್ಮ, ತಮ್ಮ ಚೆನ್ನಾಗಿದ್ದಾರಂತೆ. ಚೆನ್ನಾಗಿ ತಿನ್ನು, ಚಳಿಗೆ ಸ್ವೆಟರ್ ಹಾಕಿಕೊ. ಗುರುಹಿರಿಯರ ದಯೆ ನಿನ್ನ ಮೇಲಿರಲಿ, ನಿನಗೆ ಬೇಕಾದ ಓದು ನಿನಗೆ ಸಿಗಲಿ.

ನಿನ್ನ ದೊಡ್ಡಪ್ಪ
ಚಂದ್ರಮೌಳಿ

ಕಾಗದ ಮಡಿಸಿದ ಮೇಲೆ ಬರೆದದ್ದು:

ಒಂದು ವಿಷಯ ಬಿಟ್ಟಿದ್ದೆ. ಮೂರನೆಯ ದಿನ ಅಂಗಳದಲ್ಲಿ ಕೂತು ಮೂವರೂ ಕಡಲೆಕಾಯಿ ಬಿಡಿಸುತ್ತಿದ್ದಾಗ, ನಿಮಗೆ ಮಕ್ಕಳೆಷ್ಟು ಅಂತ ಅಜ್ಜಿ ಕೇಳಿದರು. ನಾನು ಇಲ್ಲ ಅನ್ನುವಷ್ಟರಲ್ಲಿ ದೊಡ್ಡಮ್ಮ, "ಒಬ್ಳು ಮಗ್ಳು, ಆಸನ್ದಲ್ಲಿ ಓದ್ತಾವ್ಳೆ" ಅಂದಳು. ಫೋಟೊ ತೋರಿಸಿದಳು. ಅವಳ ಹತ್ತಿರ ಇರುವುದು ನೀನು ಐದನೇ ಕ್ಲಾಸಿನಲ್ಲಿದ್ದಾಗಿನದು. ಜೊತೆಯಲ್ಲಿ ಯಾಕೆ ಕರೆದುಕೊಂಡು ಬರಲಿಲ್ಲ ಅಂತ ಅಜ್ಜಿ ಕೇಳಿದರು. "ಅವ್ಳಿಗೆ ನನ್ ಮ್ಯಾಲೆ ಕ್ವಾಪ. ಅವ್ಳು ಓಗೋ ದಿನ ನಾನು ಆಚಿಗೆ ಬರ್ಲಿಲ್ಲ" ಅಂದಳು. ಫೋನಿಗೆ ನಮ್ಮ ಕಡೆಯ ಮಾತು ತಿಳಿಯಲಿಲ್ಲ. ಇನ್ನೊಂದು ಸಲ ಹೇಳಿ ಅಂದಿತು. ಅವಳು ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಬಿಡಿಸಿ ಹೇಳಿದಳು: "ಅವಳಿಗೆ ನನ್ನ ಮೇಲೆ ಕೋಪ. ಅವಳು ಹೋಗುವ ದಿನ ನಾನು ಹೊರಗೆ ಬರಲಿಲ್ಲ." ಯಾಕೆ ಬರಲಿಲ್ಲ ಅಂತ ಅಜ್ಜಿ ಕೇಳಿದರು. "ನನ್ನ ತಪ್ಪು" ಅಂದಳು. ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ. ನನ್ನ ಕಡೆ ನೋಡಲೂ ಇಲ್ಲ.

ಮಾನಸಾ, ಅವಳ ತಪ್ಪಲ್ಲ. ನಿನ್ನಮ್ಮನಿಗೆ ಹುಷಾರಿಲ್ಲದೆ ಎರಡು ವರ್ಷದ ನಿನ್ನನ್ನು ನಮ್ಮ ಹತ್ತಿರ ಬಿಟ್ಟಿದ್ದರು. ಒಂಬತ್ತು ವರ್ಷದ ಮೇಲೆ ರಜನೀಶ ಕರೆದುಕೊಂಡು ಹೋಗುತ್ತೇನೆ ಅಂದಾಗ ಅವಳನ್ನು ಒಂದು ಮಾತು ಕೇಳದೆ ಹೂಂ ಅಂದವನು ನಾನು. ಕಾರು ಬಂದ ದಿನ, "ನೀನು ಆಚೆ ಬಂದ್ರೆ ಮಗು ಹೋಗಲ್ಲ, ಒಳಗಿಂದ ಅಗುಳಿ ಹಾಕ್ಕೊ" ಅಂತ ಹೇಳಿದವನೂ ನಾನೇ. ನೀನು ಅಡುಗೆಮನೆ ಬಾಗಿಲು ಬಡಿದು ಅಮ್ಮಾ ಅಂತ ಮೂರು ಸಲ ಕರೆದೆ. ಆಮೇಲೆ ಕಾರಿನ ಹತ್ತಿರ ನನ್ನನ್ನು ಕೇಳಿದೆ. ಅವಳಿಗೆ ಕೆಲಸ ಇದೆ, ಬರಕ್ಕಾಗಲ್ವಂತೆ ಅಂದೆ. ಅವಳು ಹಾಗೆ ಹೇಳಿರಲಿಲ್ಲ. ಬಾಗಿಲ ಹಿಂದೆ ಕೂತಿದ್ದಳು. ಸಂಜೆಯ ತನಕ ತೆಗೆಯಲಿಲ್ಲ. ಆರು ವರ್ಷವಾಯಿತು, ನಿನ್ನ ಹತ್ತಿರವಾಗಲಿ ಬೇರೆಯವರ ಹತ್ತಿರವಾಗಲಿ ನನ್ನ ಹೆಸರು ಹೇಳಿಲ್ಲ.

ನೀನು ದಸರಾ ಆದ ಮೇಲೆ ಬರೆದ ಕಾಗದವನ್ನು ಒಡೆದು ಮೊದಲು ಓದಿದ್ದು ಅವಳು. ಅದರಲ್ಲಿ ಅವಳ ವಿಚಾರ ಒಂದು ಸಾಲೂ ಇರಲಿಲ್ಲ. ಮಡಿಸಿ ನನ್ನ ಕೈಗೆ ಕೊಟ್ಟಳು.

ಇದಕ್ಕೆ ಉತ್ತರ ನನಗೆ ಬೇಡ. ಬರೆಯುವುದಾದರೆ ಅವಳ ಹೆಸರಿಗೆ ಬರಿ, ಗಂಗಾಂಬಿಕೆ ಅಂತ ವಿಳಾಸ ಹಾಕು. ಒಳಗೆ ಏನಂತ ಕರೆದು ಶುರು ಮಾಡುತ್ತೀಯೋ ಅದು ನಿನಗೆ ಬಿಟ್ಟದ್ದು.