ನಿನ್ನೆಯ ತಾರೀಖಿನ ಬರಹಗಳು

ಮಾವನವರಿಗೆ ನಮಸ್ಕಾರ.

ನಿನ್ನೆ ನೀವು ಫೋನ್ ಮಾಡಿ, "ಮಗಳು ಮತ್ತೆ ಬರೆದಿದಾಳೆ, ನೋಡಿದ್ಯೇನಪ್ಪಾ?" ಅಂದಾಗ "ನೋಡ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟೆ. ಅದಕ್ಕೇ ಈ ಪತ್ರ.

ತಪ್ಪು ನನ್ನದು. ಅವಳ ಬ್ಲಾಗ್ ಇದ್ದ ಕಂಪನಿ ಈ ತಿಂಗಳು ಬಾಗಿಲು ಹಾಕುತ್ತಿದೆ. ಬರೆದದ್ದು ಅಳಿಸಿಹೋಗಬಾರದೆಂದು ಎಲ್ಲವನ್ನೂ ಒಂದು ತಂತ್ರಾಂಶಕ್ಕೆ ಹಾಕಿ, ಆ ಕಂಪನಿಯ ಹಂಗಿಲ್ಲದೆ ಉಳಿಯುವ ಪುಟಗಳಾಗಿ ಮಾಡಿ ಅದೇ ವಿಳಾಸದಲ್ಲಿ ಇಟ್ಟೆ. ಬರೆದ ದಿನವನ್ನು ಪ್ರತಿ ಪುಟದ ತಲೆಯಲ್ಲಿ ನಾನೇ ನಮೂದಿಸಬೇಕಿತ್ತು, ಮರೆತೆ; ನಮೂದಿಸದಿದ್ದರೆ ಅದು ಪುಟ ಹಾಕಿದ ದಿನವನ್ನೇ ತೋರಿಸುತ್ತದೆ. ಹಾಗಾಗಿ ಹನ್ನೊಂದು ವರ್ಷದ ಬರಹವೆಲ್ಲ ನಿನ್ನೆಯ ತಾರೀಖು ಹೊತ್ತು ಬಂತು. ಅವಳು ತೀರಿಕೊಂಡ ಮೇಲೂ ನೀವು ದಿನಾ ಅದನ್ನು ತೆರೆದು ನೋಡುತ್ತೀರೆಂದು ನನಗೆ ಗೊತ್ತಿರಲಿಲ್ಲ.

ರಜೆ ಹಾಕಿ ಕೂತು ಒಂದೊಂದಾಗಿ ತಿದ್ದಿದ್ದೇನೆ. ಕೆಲಸ ಸಲೀಸಾಗಿ ಸಾಗಿತು. ತಾರೀಖಷ್ಟೇ ನೋಡಿದೆ, ಯಾವುದನ್ನೂ ಓದಲಿಲ್ಲ.

ಅತ್ತೆಗೆ ಇನ್ನೂ ಹೇಳಿಲ್ಲವಾದರೆ ಹೇಳಬೇಡಿ.

ಬಾಲ್ಕನಿಯ ಬಕೆಟ್ಟಿನಲ್ಲಿ ಪಾರಿವಾಳ ಮೊಟ್ಟೆಯಿಟ್ಟದ್ದನ್ನು ನೀವು ಫೋನಿನಲ್ಲಿ ಓದಿ ಹೇಳಿ ನಕ್ಕಿರಲ್ಲ, ಆ ಒಂದು ಪುಟವನ್ನು ಮಾತ್ರ ಮುಟ್ಟಿಲ್ಲ. ಅದರ ಮೇಲೆ ಇನ್ನೂ ನಿನ್ನೆಯ ತಾರೀಖೇ ಇದೆ. ನೀವು ತಿದ್ದು ಅಂದ ದಿನ ತಿದ್ದುತ್ತೇನೆ. ಅವಸರವೇನಿಲ್ಲ.

ನಿಮ್ಮ ಅಳಿಯ