ಬೇಕು ಅನ್ನಿಸುವ ಕಸುಬು

ಮುತ್ತಿಕೊಪ್ಪಲು
ಫೆಬ್ರವರಿ ಮೂವತ್ತು, ೨೧೯೭

ನಮ್ಮ ಕಸುಬಿನ ಮೂಲಪುರುಷನಾದ ಮಾಯಣ್ಣನಿಗೆ ಕರಿಸಿದ್ದ ಮಾಡುವ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಅಂತ ಹುಬ್ಬೇರಿಸಬೇಡ. ನಿಮ್ಮ ಕಾಲವಾದ ಮೇಲೆ ಕ್ಯಾಲೆಂಡರು ಎರಡು ಸಲ ರಿಪೇರಿಯಾಗಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೋ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಓದಿದವನು. ಆದರೆ ಈ ಸೀಮೆಯಲ್ಲಿ ನನ್ನ ಬಾಯಿಗೆ ಸಮನಾದ ಬಾಯಿ ಇನ್ನೊಂದಿಲ್ಲ. ವಯಸ್ಸಿನಲ್ಲಿ ನಿನಗಿಂತ ನಾನು ದೊಡ್ಡವನು, ತಲೆಮಾರಿನಲ್ಲಿ ನೀನು ದೊಡ್ಡವನು. ಅಲ್ಲಿಗಲ್ಲಿಗೆ ಸರಿಹೋಯಿತು ಅಂತ ನೀನು ಎಂದೇ ಬರೆಯುತ್ತೇನೆ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತದೆ. ಹಿನ್ನಂಚೆ ಎಂದರೆ ಸತ್ತವರಿಗೆ, ಅವರು ಇನ್ನೂ ಬದುಕಿದ್ದ ದಿನಕ್ಕೆ ಹೋಗಿ ತಲುಪುವ ಟಪಾಲು. ಲೆಕ್ಕ ತಪ್ಪದಿದ್ದರೆ ಇದು ನಿನ್ನ ಕೈಗೆ ಶನಿವಾರ ಸಿಗಬೇಕು. ಮರುದಿನ ಭಾನುವಾರ ನಿನ್ನ ತಂಗಿಯ ಮನೆಯಲ್ಲಿ ಬಾಡೂಟ. ಅವಳ ಮಗ ಕುಶಾಲನಿಗೆ ಒಂಬತ್ತು ವರ್ಷ. ಆರೋಗ್ಯವಾಗಿದ್ದಾನೆ, ಓರಗೆಯವರಿಗಿಂತ ಸ್ವಲ್ಪ ಗಿಡ್ಡ, ಅಷ್ಟೆ. ಡಾಕ್ಟರು ಅವನ ಎಡಗೈಯ ಎಕ್ಸ್‌ರೇ ನೋಡಿ, ರಕ್ತ ನೋಡಿ, ಇದು ಕಾಯಿಲೆಯಲ್ಲ ಎಂದಿದ್ದಾರೆ. ಬೆಳವಣಿಗೆಯ ಚುಚ್ಚುಮದ್ದನ್ನು ದಿನಾ ಸಂಜೆ, ವರ್ಷಗಟ್ಟಲೆ ಕೊಟ್ಟರೆ ಎರಡು ಮೂರು ಅಂಗುಲ ಹೆಚ್ಚು ಬೆಳೆದರೂ ಬೆಳೆಯಬಹುದು, ಬೆಳೆಯದೆಯೂ ಇರಬಹುದು, ಮನೆಯವರೇ ತೀರ್ಮಾನ ಮಾಡಿ ಎಂದಿದ್ದಾರೆ. ನಿನ್ನ ತಂಗಿಗೂ ಭಾವನಿಗೂ ತೀರ್ಮಾನ ಆಗುತ್ತಿಲ್ಲ.

ಮುಂದಿನದು ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ಊಟದ ಪಂಕ್ತಿಯಲ್ಲಿ ನೀನು ಹುಡುಗನಿಗೆ ಒಂದು ಮಾತು ಆಡುತ್ತೀಯ. ಎಲ್ಲರೂ ನಗುತ್ತಾರೆ. ಹುಡುಗ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ. ಸೋಮವಾರ ಡಾಕ್ಟರು ಸುಮ್ಮನೆ ಮಾತಿಗೆ ಅಂತ "ನಿನಗೇನನ್ನಿಸುತ್ತಪ್ಪ?" ಎಂದು ಕೇಳಿದಾಗ, ಯಾರೂ ಹೇಳಿಕೊಡದೆ "ಬೇಕು" ಅನ್ನುತ್ತಾನೆ. ನಮ್ಮ ವಂಶದಲ್ಲಿ ಮೊದಲ ಸೂಜಿ ಅದು. ಕುಶಾಲಜ್ಜನ ಪಟ ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ನೀನು ಆಡಿದ ಮಾತು ಯಾವುದು ಅಂತ ಮಾತ್ರ ಯಾರಿಗೂ ನೆನಪಿಲ್ಲ.

ಆಮೇಲೆ ಏನಾಯಿತು ಕೇಳು. ಕುಶಾಲಜ್ಜನ ಹಾಗೆ ಊರೂರಲ್ಲೂ ಮಕ್ಕಳು ಸೂಜಿ ಹಾಕಿಸಿಕೊಂಡರು. ಪ್ರತಿ ನೂರು ಮಕ್ಕಳಲ್ಲಿ ತೀರಾ ಗಿಡ್ಡ ಇರುವ ಮೂವರಿಗೆ ಬೆಳೆಮದ್ದು ಎಂದು ಸರ್ಕಾರ ನಿಯಮ ಮಾಡಿತು. ಆ ಮೂವರು ಬೆಳೆದರೆ ಇನ್ಯಾರೋ ಮೂವರು ಕೆಳಗೆ ಉಳಿಯುತ್ತಾರೆ. ಅವರೂ ಬೆಳೆದರೆ ಮತ್ತೆ ಮೂವರು. ನೂರು ಜನ ಇರುವವರೆಗೆ ಕೊನೆಯ ಮೂವರು ಇದ್ದೇ ಇರುತ್ತಾರೆ ಅಂತ ಏಳನೇ ಕ್ಲಾಸಿನ ನನಗೇ ಹೊಳೆಯುತ್ತದೆ, ಅವರಿಗೆ ಹೊಳೆಯಲಿಲ್ಲ. ಈಗ ನಾನು ಏಳು ಅಡಿ ಎರಡು ಅಂಗುಲ. ಬಾಗಿಲು, ಬಸ್ಸಿನ ಮೆಟ್ಟಿಲು, ಸ್ವಿಚ್ಚು, ಅಂಗಡಿಯ ಅಟ್ಟಣೆ ಎಲ್ಲ ಮೇಲಕ್ಕೆ ಹೋಗಿವೆ. ಸಂಜೆಯಾದರೆ ಬೀದಿಗೆ ಬೀದಿಯೇ ಜಗಲಿಯ ಮೇಲೆ ಕೂತು ಮಂಡಿಗೆ ಹೊಂಗೆ ಎಣ್ಣೆ ತಿಕ್ಕುತ್ತದೆ. ಕಬ್ಬು ಮಾತ್ರ ನಿಮ್ಮ ಕಾಲದಷ್ಟೇ ಎತ್ತರ ಇದೆ. ಅದನ್ನು ಯಾರೂ ಹಂಗಿಸಲಿಲ್ಲವಲ್ಲ.

ಸೂಜಿ ಹಾಕಿಸಿಕೊಳ್ಳದೆ ಗಿಡ್ಡ ಉಳಿದವರಿಗೆ ಒಂದೇ ಕೆಲಸ. ಊರ ಕೆಳಗೆ ಹಳೆಯ ಕಾಲದ ಮೋರಿ ಕೊಳವೆಗಳಿವೆ. ನಮ್ಮಂಥವರ ಭುಜ ಅದರೊಳಗೆ ತೂರುವುದಿಲ್ಲ. ಹದಿನೆಂಟು ತುಂಬಿದ ಗಿಡ್ಡರನ್ನು ಅಲ್ಲಿಗೆ ಇಳಿಸುತ್ತಾರೆ. ಇಳಿದವರು ಹೆಚ್ಚು ವರ್ಷ ಬಾಳುವುದಿಲ್ಲ.

ಒಮ್ಮೆ ಕೋರ್ಟಿಗೆ ಕರುಣೆ ಬಂತು. ಆರೋಗ್ಯದ ಮಗುವಿಗೆ ಬಲವಂತವಾಗಿ ಚುಚ್ಚಬಾರದು, ಮಗು ತನ್ನ ಬಾಯಿಂದಲೇ "ಬೇಕು" ಅನ್ನಬೇಕು, ಅದಕ್ಕೆ ಊರು ಸೇರಿಸಿ ಕೇಳುವ ಮೂರು ಕೂಟ ಕೊಡಬೇಕು, ಮೂರರಲ್ಲೂ ಅನ್ನದಿದ್ದರೆ ಮತ್ತೆ ಕೇಳಬಾರದು ಎಂದು ಆಜ್ಞೆಯಾಯಿತು. ಮಗು ಹೆದರದಿರಲಿ ಅಂತ ಹತ್ತಿರದ ಒಬ್ಬ ಹಿರಿಯ ಅದರ ಜೊತೆ ಕೂರಬೇಕಂತೆ. ನಮ್ಮ ಕಡೆ ಕಿವಿ ಚುಚ್ಚುವಾಗ ಮಗು ಯಾರ ತೊಡೆ ಮೇಲೆ ಕೂರುತ್ತದೆ? ಸೋದರಮಾವನ ತೊಡೆ ಮೇಲೆ. ಹಾಗಾಗಿ ಇದಕ್ಕೂ ಅವನೇ ಬಂದ. ಕೂಟದಲ್ಲಿ ಹೊಡೆಯುವಂತಿಲ್ಲ, ಹೆದರಿಸುವಂತಿಲ್ಲ, ತಿಂಡಿ ಆಸೆ ತೋರಿಸುವಂತಿಲ್ಲ, ಕೊಳವೆಯ ಹೆಸರೆತ್ತುವಂತಿಲ್ಲ. ಎಲ್ಲವನ್ನೂ ಬರೆದ ಕಾನೂನು ತಮಾಷೆಯನ್ನು ಮಾತ್ರ ಮರೆತಿತ್ತು.

ಅಲ್ಲಿಂದ ಹುಟ್ಟಿತು ನಮ್ಮ ಕಸುಬು. ತೊಡೆ ಮೇಲೆ ಕೂರಿಸಿಕೊಂಡು, ಊರ ಮುಂದೆ, "ಬೇಕು" ಅನ್ನುವವರೆಗೆ ಮಗುವನ್ನು ಹಂಗಿಸುವವನಿಗೆ ಹಂಗಾಳು ಎನ್ನುತ್ತಾರೆ. ಬಾಯಿ ಸಾಲದ ಸೋದರಮಾವಂದಿರು ನನ್ನನ್ನು ಕರೆಸಿಕೊಳ್ಳುತ್ತಾರೆ. ಹೊಸಕೊಪ್ಪಲಿನ ಒಬ್ಬ ಹುಡುಗನನ್ನು ತೊಡೆಯಿಂದ ಇಳಿಸಿ ನಾನು ಹೇಳಿದ್ದು ಒಂದೇ ಮಾತು: "ಯಾಕ್ಲಾ, ನಿಂತ್ಕಂಡು ಮಾತಾಡು ಅಂದ್ರೆ ಇನ್ನೂ ಕೂತೇ ಇದ್ದೀಯಲ್ಲ!" ಪಾಪ, ಅವನು ನಿಂತೇ ಇದ್ದ. ಜನ ಬಿದ್ದು ಬಿದ್ದು ನಕ್ಕರು. ಹುಡುಗ ಬೇಕು, ಬೇಕು, ಬೇಕು ಅಂತ ಕೂಗಿಕೊಂಡ. "ಒಂದ್ಸಲ ಸಾಕಪ್ಪ" ಅಂತ ಸೂಜಿ ಹಿಡಿದು ಕಾದಿದ್ದ ನರ್ಸಮ್ಮನೇ ಕೈ ಹಿಡಿದಳು. ಅವನೀಗ ಪೊಲೀಸು. ನನ್ನನ್ನು ಕಂಡರೆ ರಸ್ತೆ ದಾಟಿಕೊಂಡು ಹೋಗುತ್ತಾನೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಮಾಯಣ್ಣ, ನಾನು ಸೋಲುತ್ತಿದ್ದೇನೆ.

ನನ್ನ ತಂಗಿ ಚಿಕ್ಕತಾಯಿಗೆ ಒಬ್ಬಳೇ ಮಗಳು, ಬೊಮ್ಮಿ. ಹನ್ನೆರಡು ವರ್ಷ, ಐದು ಅಡಿ ಎರಡು ಅಂಗುಲ. ನಿಮ್ಮ ಕಾಲದಲ್ಲಿ ಅವಳನ್ನು ಉದ್ದ ಹುಡುಗಿ ಅನ್ನುತ್ತಿದ್ದಿರೇನೋ. ಇಲ್ಲಿ ಕೊನೆಯ ಮೂವರಲ್ಲಿ ಒಬ್ಬಳು. ಎಲುಬಿನ ತುದಿಗಳು ಮುಚ್ಚಿಕೊಳ್ಳುತ್ತಾ ಬಂದಿವೆ, ಮುಚ್ಚಿದ ಮೇಲೆ ಯಾವ ಮದ್ದೂ ನಾಟುವುದಿಲ್ಲ ಎಂದು ನರ್ಸಮ್ಮ ಎಕ್ಸ್‌ರೇ ತೋರಿಸಿ ಹೇಳಿದ್ದಾಳೆ. ಎರಡು ಕೂಟ ಮುಗಿದಿವೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಮೂರನೆಯದು.

ಮೊದಲ ಕೂಟದಲ್ಲಿ ನಾನು ಹಗುರವಾಗಿ ಶುರು ಮಾಡಿದೆ.

"ನಮ್ಮವ್ವ ದೇವರತ್ರ ಒನಕೆಯಂಥ ಮೊಮ್ಮಗಳ್ನ ಕೇಳಿದ್ಲು, ಅವನು ಎಮ್ಮೆ ಕಟ್ಟೋ ಗೂಟ ಕೊಟ್ಟ," ಅಂದೆ. ಶಾಲೆಯ ಜಗಲಿ ತುಂಬ ನಗು.

"ಗೂಟ ಇಲ್ದಿದ್ರೆ ಎಮ್ಮೆ ಓಡೋಯ್ತದೆ ಮಾವ," ಅಂದಳು. "ನೀನು ಇನ್ನೂ ಊರಲ್ಲೇ ಇದ್ದೀಯಲ್ಲ, ಅದ್ಕೇ."

ನಗು ಆ ಕಡೆಗೆ ಹೋಯಿತು. ನಾನು ಬಿಡಲಿಲ್ಲ. "ನಿನ್ ಮದುವೇಲಿ ಗಂಡಿಗೆ ಹಾರ ಹಾಕೋಕೆ ಏಣಿ ಎಲ್ಲಿಂದ ತರಾಣ?"

"ಏಣಿ ಯಾಕೆ? ನಿನ್ನ ಗೋಡೆಗೆ ಒರಗಿಸಿದ್ರೆ ಆಯ್ತಲ್ಲ. ಇನ್ನೇನಕ್ಕೆ ಬತ್ತೀಯ?"

ನಲವತ್ತು ವರ್ಷದ ಕಸುಬಿನಲ್ಲಿ ನನ್ನ ಮಾತಿಗೆ ಸಿಗದಷ್ಟು ಚಪ್ಪಾಳೆ ಅವಳ ಮಾತಿಗೆ ಸಿಕ್ಕಿತು. ಅವತ್ತು ನನಗೆ ಊಟ ಸೇರಲಿಲ್ಲ.

ಎರಡನೆಯ ಕೂಟದಲ್ಲಿ ನಾನು ಕೋಳಿ, ಹುಂಜ, ಇಲಿ ಎಲ್ಲವನ್ನೂ ಮಾತಿಗೆ ಎಳೆದು ತಂದೆ. ಕೋಳಿ ನಿನ್ನ ಕಣ್ಣಿಗೆ ಕಣ್ಣಿಟ್ಟು ಜಗಳಕ್ಕೆ ಕರೆಯುತ್ತದೆ ಅಂದೆ. ಮಳೆ ಬಂದದ್ದು ನಿನಗೆ ಗೊತ್ತಾಗುವಷ್ಟರಲ್ಲಿ ನಿಂತುಹೋಗಿರುತ್ತದೆ ಅಂದೆ. ಅವಳು ಎಲ್ಲ ಕೇಳಿಸಿಕೊಂಡು, ಕುತ್ತಿಗೆ ತಿರುಗಿಸಿ ನನ್ನ ಮುಖ ನೋಡಿ, ಜನರಿಗೆ ಕೇಳಿಸದ ಹಾಗೆ ಕೇಳಿದಳು: "ಮಾವ, ಮಂಡಿ ನೋಯ್ತಾ ಐತಾ? ನೋಯ್ತಿದ್ರೆ ಹೇಳು, ಈ ಕಡೆ ತೊಡೆಗೆ ಜರುಗ್ತೀನಿ. ನಾನೇನು ಭಾರ ಇಲ್ಲ."

ನೋಯುತ್ತಿತ್ತು. ಅವಳು ಜರುಗಿ ಕೂತಳು. ನಾನು ಮತ್ತೆ ಹುಂಜದ ಮಾತಿಗೆ ಹೋದೆ.

ಆಗ ಜನರ ನಡುವಿನಿಂದ ಯಾವನೋ ಕೂಗಿದ: "ಅವಳನ್ನೇನ್ ಅಂತೀಯ ಬುಡು ಕರಿಸಿದ್ದಣ್ಣ, ಅವಳವ್ವ ಹೊಟ್ಟೇಲಿಟ್ಕಂಡಾಗ್ಲೇ ಜಿಪುಣತನ ಮಾಡವ್ಳೆ!" ಬೊಮ್ಮಿ ನಕ್ಕಳು, ಎಲ್ಲರ ಜೊತೆ. ಆದರೆ ನನ್ನ ಕೈಯೊಳಗಿದ್ದ ಅವಳ ಕೈ ತಣ್ಣಗಾಗಿ ಮುಷ್ಟಿ ಕಟ್ಟಿತು. ಅದು ತೊಡೆ ಮೇಲೆ ಕೂರಿಸಿಕೊಂಡವನಿಗೆ ಮಾತ್ರ ತಿಳಿಯುವ ಸಂಗತಿ. ನರ್ಸಮ್ಮನಿಗೂ ತಿಳಿಯಲಿಲ್ಲ, ಹೆತ್ತವಳಿಗೂ ತಿಳಿಯಲಿಲ್ಲ. ಎಲ್ಲಿ ಚುಚ್ಚಬೇಕು ಅಂತ ನನಗೆ ಗೊತ್ತಾಗಿಹೋಯಿತು.

ಬೊಮ್ಮಿಯ ಅಪ್ಪ ಐದು ವರ್ಷದ ಹಿಂದೆ ಊರು ಬಿಟ್ಟ. ಹಡಗಿನ ಕೆಲಸಕ್ಕೆ ಹೋಗಿದ್ದಾನೆ ಎಂದು ಅವಳಿಗೆ ಹೇಳಿದ್ದೇವೆ. ಅವನು ಬಿಟ್ಟುಹೋದದ್ದು ಶಾಲೆಯಲ್ಲಿ ಬೊಮ್ಮಿಯ ಎತ್ತರವನ್ನು ಮೊದಲ ಸಲ ಅಳೆದ ದಿನ. ಕೊನೆಯ ಮೂವರಲ್ಲಿ ಮಗಳ ಹೆಸರು ಕೂಗಿದ್ದೇ, "ಇಂಥ ಬೀಜ ನಂದಲ್ಲ" ಎಂದು, ಮಗಳು ಇನ್ನೂ ಒಳಗಿರುವಾಗಲೇ, ಶಾಲೆಯ ಬಾಗಿಲಲ್ಲಿ ಚಿಕ್ಕತಾಯಿಯ ಮುಖಕ್ಕೆ ಉಗಿದು ಹೋದ. ಈಗ ಪಕ್ಕದ ತಾಲ್ಲೂಕಿನಲ್ಲೇ ಇದ್ದಾನೆ; ಬೇರೆ ಹೆಂಡತಿ, ಉದ್ದುದ್ದ ಮಕ್ಕಳು.

ನಿನ್ನೆ ಚಿಕ್ಕತಾಯಿ ಹಿತ್ತಿಲಿಗೆ ಕರೆದು ಹೇಳಿದಳು: "ಅಣ್ಣ, ಅವರಪ್ಪ ಉಗಿದೋದ ಆ ಮಾತು ಆಡ್ಬುಡು. ನಾಳಿದ್ದು ಜನ ನನ್ನ ನೋಡಿ ನಕ್ಕೊಳ್ಲಿ. ಮಗಳು ಕೊಳವೆಗಿಳಿಯಾದು ನೋಡಾಕಿಂತ ಅದು ವಾಸಿ."

"ಅವಳು ನನ್ನ ಮೇಲೆ ಜೀವಮಾನ ಪೂರ್ತಿ ವಿಷ ಕಾರ್ತಾಳೆ ಕಣವ್ವ," ಅಂದೆ.

"ಕಾರ್ಲಿ. ಉದ್ದಕ್ಕೆ ಬೆಳೆದು ಕಾರ್ಲಿ."

ಮಾಯಣ್ಣ, ನನ್ನ ಸಂಕಟ ನಿನ್ನಂಥವನಿಗೆ ಮಾತ್ರ ತಿಳಿದೀತು. ನಾನು ಇದುವರೆಗೆ ಹಂಗಿಸಿದ್ದೆಲ್ಲ ಸುಳ್ಳು ಹೇಳಿ. ಗೂಟ, ಏಣಿ, ಕೋಳಿ ಎಲ್ಲ ಕಟ್ಟಿದ ಮಾತು. ಕಟ್ಟುವುದಕ್ಕೆ ಪ್ರತಿಭೆ ಬೇಕು. ನಿಜ ಹೇಳಿ ಮಗುವನ್ನು ಅಳಿಸುವುದಕ್ಕೆ ಏನು ಬೇಕು? ಯಾವ ದಡ್ಡನೂ ಮಾಡುತ್ತಾನೆ. ಅದಕ್ಕೇ ಈ ಕಾಗದ. ಭಾನುವಾರದ ಪಂಕ್ತಿಯಲ್ಲಿ ನೀನು ಆಡುವ ಮಾತು ಯಾವುದು, ನನಗೆ ಕಳಿಸು. ಒಂದೇ ಮಾತಿನಲ್ಲಿ, ಸುಳ್ಳು ಹೇಳಿಯೇ, ಕುಶಾಲಜ್ಜನ ಬಾಯಲ್ಲಿ "ಬೇಕು" ತರಿಸಿದ್ದರೆ ಆ ಮಾತು ನನಗೆ ಬೇಕು. ಬೊಮ್ಮಿಗೂ ಅದು ಸಾಕಾದೀತು. ನೀನು ಭಾನುವಾರ ಬಾಯಿ ಮುಚ್ಚಿಕೊಂಡು ಬಾಡು ತಿಂದೆದ್ದರೆ ನನ್ನ ಕಸುಬೇ ಇರುವುದಿಲ್ಲ, ನಾಳೆಯ ಕೂಟವೂ ಇರುವುದಿಲ್ಲ ಎಂಬ ಯೋಚನೆಯೂ ಬರುತ್ತದೆ. ಬರುತ್ತದೆ, ಹೋಗುತ್ತದೆ. ನಿನ್ನ ಬಾಯಿ ನಿನ್ನ ಹತೋಟಿಯಲ್ಲಿ ಇರುವಂಥದ್ದಲ್ಲ. ನನಗೆ ಗೊತ್ತು, ನನ್ನದೂ ಅದೇ ಬಾಯಿ.

ಆದರೆ ನೀನೂ ಕಟ್ಟಿದ ಮಾತು ಆಡದೆ, ಹುಡುಗನ ಅವ್ವನ ವಿಷಯದಲ್ಲಿ ಯಾವುದೋ ನಿಜವನ್ನೇ ಆಡಿದ್ದರೆ, ಬರೆಯಬೇಡ. ಸುಮ್ಮನಿದ್ದುಬಿಡು. ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಹಿನ್ನಂಚೆ ಹಿಂದಕ್ಕೆ ಮಾತ್ರ ಹೋಗುತ್ತದೆ, ಅಲ್ಲಿಂದ ಇವತ್ತಿನವರೆಗೆ ಒಂದು ಸಾಲೂ ಬಂದಿಲ್ಲ ಎಂದು ಟಪಾಲಿನವನು ನಗುತ್ತಾ ಹೇಳಿದ. ನನಗೂ ಅದು ಗೊತ್ತು. ಆದರೂ ಬೆಳಿಗ್ಗೆ ಹತ್ತರವರೆಗೆ ಕಾಯುತ್ತೇನೆ. ಬೊಮ್ಮಿ ಈಗ ನನ್ನ ಮಂಡಿಗೆ ಎಣ್ಣೆ ಬಿಸಿಮಾಡಿ ತಂದಿಟ್ಟಿದ್ದಾಳೆ. ನಾಳೆ ಮಾವನಿಗೆ ತುಂಬ ಹೊತ್ತು ಕೂರುವ ಕೆಲಸ ಇದೆಯಂತೆ.

ನಿನ್ನ ಉತ್ತರ ಬಾರದಿದ್ದರೆ, ನಿಜ ಆಡುವುದಕ್ಕೆ ನೀನು ಹೂಂ ಎಂದೆ ಅಂತಲೇ ತಿಳಿಯುತ್ತೇನೆ.

ನಿನ್ನ ಕಸುಬಿನವ,
ಕರಿಸಿದ್ದ